ಅಮಾನತು ಆದೇಶ ಬೇಗ ಬರುತ್ತದೆ, ಬ್ಯಾಚ್ ನಂಬರ್ ಬರುವುದಿಲ್ಲ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ಸುರಕ್ಷತೆಯ ಬಗ್ಗೆ

ಮಾನ್ಯರೇ,

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಸೇವೆಯ ಬಹುಭಾಗ ಹೆರಿಗೆ ವಾರ್ಡಿನಲ್ಲೇ ಕಳೆಯಿತು. ಕೆಲಸದಲ್ಲಿದ್ದಾಗ ಈ ಪತ್ರ ಬರೆದಿದ್ದರೆ ಕಾರಣ ಕೇಳಿ ನೋಟಿಸ್ ಬರುತ್ತಿತ್ತು. ಈಗ ಬರುವುದು ಪಿಂಚಣಿ ಮಾತ್ರ, ಹಾಗಾಗಿ ಸ್ವಲ್ಪ ಧೈರ್ಯ ಬಂದಿದೆ. ತಮ್ಮ ಮೇಲಾಗಲಿ, ಇಲಾಖೆಯ ಮೇಲಾಗಲಿ ಸಿಟ್ಟಿನಿಂದ ಬರೆಯುತ್ತಿಲ್ಲ. ವಾರ್ಡಿನ ಒಳಗೆ ನಿಂತವರಿಗೆ ಕಾಣುವುದು ವಿಧಾನಸೌಧದವರೆಗೆ ಬರುವುದಿಲ್ಲ ಅನ್ನುವುದಕ್ಕೆ ಬರೆಯುತ್ತಿದ್ದೇನೆ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಸತ್ತವರು 5 ಜನ. ಅನುಮಾನ ಬಿದ್ದದ್ದು ಪಶ್ಚಿಮ ಬಂಗಾಳದ ಒಂದು ಕಂಪನಿ ಪೂರೈಸಿದ ರಿಂಗರ್ ಲ್ಯಾಕ್ಟೇಟ್ ಮೇಲೆ. ವಾರ್ಡಿನಲ್ಲಿ ನಾವು ಆರ್‌ಎಲ್ ಅನ್ನುತ್ತೇವೆ. ಆಪರೇಷನ್ ಆದವರಿಗೆ, ರಕ್ತ ಹೋದವರಿಗೆ, ವಾಂತಿ ಭೇದಿಯಿಂದ ಸೊರಗಿದವರಿಗೆ ಹಾಕುವ ಮಾಮೂಲಿ ಡ್ರಿಪ್. ಅದನ್ನು ನೇತುಹಾಕುವಾಗ ಯಾರ ಕೈಯೂ ನಡುಗುವುದಿಲ್ಲ. ಅಷ್ಟು ಮಾಮೂಲಿ.

ಆ ಕಂಪನಿಯ ಹಲವು ಬ್ಯಾಚ್‌ಗಳು (ಒಟ್ಟಿಗೆ ತಯಾರಾಗಿ ಒಂದೇ ನಂಬರ್ ಪಡೆದ ಬಾಟಲ್‌ಗಳ ಗುಂಪುಗಳು) ಅದಕ್ಕೂ ಮುಂಚೆಯೇ ರಾಜ್ಯದ ಲ್ಯಾಬ್‌ನಲ್ಲಿ ಫೇಲ್ ಆಗಿದ್ದವು. ಬಳಕೆಯನ್ನು ತಡೆಹಿಡಿದಿದ್ದರು. ಆಮೇಲೆ ಕೇಂದ್ರದ ಲ್ಯಾಬ್ ಕೆಲವು ಬ್ಯಾಚ್‌ಗಳು ಸರಿ ಇವೆ ಎಂದಿತು. ತಡೆ ಸಡಿಲವಾಯಿತು. ದಾಸ್ತಾನಿನ ಒಂದು ಪಾಲು ಮತ್ತೆ ವಾರ್ಡಿಗೆ ಬಂತು. ಸಾವುಗಳಾದ ಮೇಲೆ ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು, ಕಂಪನಿಯ ಮೇಲೆ ಕ್ರಮಕ್ಕೆ ಆದೇಶವಾಯಿತು, ಆಸ್ಪತ್ರೆಯ ಮುಂದೆ ಕ್ಯಾಮೆರಾಗಳು ಬಂದವು, ಹೋದವು.

ಇದೆಲ್ಲ ಆಗಬೇಕಿತ್ತು, ಬೇಡವೆನ್ನುವುದಿಲ್ಲ. ಆದರೆ ನನ್ನ ಪ್ರಶ್ನೆ ಬೇರೆ. ಈವತ್ತು ರಾತ್ರಿ ಯಾವುದೋ ತಾಲೂಕು ಆಸ್ಪತ್ರೆಯಲ್ಲಿ ಒಬ್ಬ ನರ್ಸ್ ಹುಡುಗಿ, ಬಾಣಂತಿಗೆ ಡ್ರಿಪ್ ಹಾಕುತ್ತಿರುತ್ತಾಳೆ. ಕೈಯಲ್ಲಿರುವ ಬಾಟಲ್‌ನ ಬ್ಯಾಚ್‌ಗೆ ತಡೆ ಇದೆಯೋ ಇಲ್ಲವೋ ಅವಳಿಗೆ ಗೊತ್ತಾಗುವುದು ಹೇಗೆ?

ನಾನಿದ್ದಾಗ ಹೇಗೆ ಗೊತ್ತಾಗುತ್ತಿತ್ತು ಹೇಳುತ್ತೇನೆ. ಒಂದು ಬ್ಯಾಚ್ ಬಳಸಬೇಡಿ ಎಂದು ಮೇಲಿನಿಂದ ಪತ್ರ ಬರುತ್ತದೆ. ಅದು ಆಡಳಿತಾಧಿಕಾರಿಯ ಕಚೇರಿಗೆ ಬಂದು ಇನ್‌ವರ್ಡ್ ಆಗುತ್ತದೆ. ಅಲ್ಲಿಂದ ಫಾರ್ಮಸಿಗೆ. ಕೆಲವು ವರ್ಷದಿಂದ ವಾಟ್ಸಾಪ್‌ನಲ್ಲೂ ಬರುತ್ತದೆ, ಹಬ್ಬದ ಶುಭಾಶಯಗಳ ನಡುವೆ. ಫಾರ್ಮಸಿಸ್ಟ್ ತನ್ನ ಸ್ಟೋರಿನಲ್ಲಿ ಉಳಿದ ಪೆಟ್ಟಿಗೆಗಳನ್ನು ಬದಿಗಿಡುತ್ತಾರೆ. ಅಲ್ಲಿಗೆ ಆದೇಶ ಪಾಲನೆಯಾಯಿತು ಎಂದು ವರದಿ ಹೋಗುತ್ತದೆ. ಆದರೆ ಹಿಂದಿನ ವಾರ ಇಂಡೆಂಟ್ ಹಾಕಿ ವಾರ್ಡಿಗೆ ತಂದ ಬಾಟಲ್‌ಗಳು? ಅವು ಪೆಟ್ಟಿಗೆಯಿಂದ ಹೊರಬಂದು ಕಪಾಟಿನಲ್ಲಿ ಬೇರೆ ಬ್ಯಾಚಿನ ಜೊತೆ ಬೆರೆತು ಕೂತಿರುತ್ತವೆ. ರಾತ್ರಿ ಪಾಳಿಯವರಿಗೆ ಆ ಪತ್ರದ ವಿಷಯ ಹೇಳಿದರೆ ಹೇಳಿದರು, ಇಲ್ಲದಿದ್ದರೆ ಇಲ್ಲ. ಆಪರೇಷನ್ ಥಿಯೇಟರ್‌ನ ಕಪಾಟು, ಎಮರ್ಜೆನ್ಸಿ ಟ್ರಾಲಿ, ಆಂಬುಲೆನ್ಸ್ ಕಿಟ್ ಇವೆಲ್ಲ ಸಾಮಾನ್ಯವಾಗಿ ಯಾರ ನೆನಪಿಗೂ ಬರುವುದಿಲ್ಲ.

ಇದು ನಮ್ಮಲ್ಲಿ ಮಾತ್ರ ಆಗುವುದಲ್ಲ. ಬಳ್ಳಾರಿಯ ಸಾವುಗಳ ನಂತರ, 2024ರ ಡಿಸೆಂಬರ್‌ನಲ್ಲೇ, ಆ ಕಂಪನಿಗೆ ತಯಾರಿಕೆ ನಿಲ್ಲಿಸಲು ಸೂಚನೆ ಹೋಗಿತ್ತು. ಆದರೂ 2025ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಮೇದಿನಿಪುರ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಸಿಸೇರಿಯನ್ ಆದವರಿಗೆ ಅದೇ ಕಂಪನಿಯ ದ್ರಾವಣ ಕೊಟ್ಟಿದ್ದರು ಎಂದು ಹೊರಬಂತು. ಒಬ್ಬ ಬಾಣಂತಿ ತೀರಿಕೊಂಡರು. 12 ವೈದ್ಯರನ್ನು ಅಮಾನತು ಮಾಡಿದರು. ಅಲ್ಲಿನ ಸಾವಿಗೆ ಡ್ರಿಪ್ಪೇ ಕಾರಣವೋ, ಆಪರೇಷನ್ ಮಾಡಿದವರ ಲೋಪವೋ ಎಂಬ ಜಗಳ ಬೇರೆ ಇದೆ. ನಾನು ಕೇಳುವುದು ಇಷ್ಟೇ: ಬಳ್ಳಾರಿಯ ಸುದ್ದಿ ಇಡೀ ದೇಶದ ಟಿವಿಯಲ್ಲಿ ಬಂದಿತ್ತು. ಆ ಕಂಪನಿ ಇರುವ ರಾಜ್ಯದ ವಾರ್ಡಿನ ಕಪಾಟಿಗೆ ಅದು ಹೇಗೆ ತಲುಪಲಿಲ್ಲ?

ಇನ್ನೊಂದು ವಿಷಯ ಇನ್ನೂ ಜಾಸ್ತಿ ಕಾಡುತ್ತದೆ. ಡ್ರಿಪ್ ಹಾಕಿದಾಗ ಕೇಸ್ ಶೀಟಿನಲ್ಲಿ ಏನು ಬರೆಯುತ್ತೇವೆ? "ಆರ್‌ಎಲ್ 500 ಎಂಎಲ್", ಸಮಯ, ಸಹಿ. ಬ್ಯಾಚ್ ನಂಬರ್ ಬರೆಯುವ ಪದ್ಧತಿ ನಾನು ಕಂಡ ವಾರ್ಡುಗಳಲ್ಲಿ ಇರಲಿಲ್ಲ. ರಕ್ತ ಕೊಟ್ಟರೆ ಚೀಲದ ನಂಬರ್ ಬರೆಯುತ್ತೇವೆ, ಮಕ್ಕಳ ಲಸಿಕೆಗೆ ಬ್ಯಾಚ್ ಬರೆಯುತ್ತೇವೆ. ಡ್ರಿಪ್‌ಗೆ ಇಲ್ಲ. ಹಾಗಾಗಿ ನಾಳೆ ಒಂದು ಬ್ಯಾಚ್ ಕೆಟ್ಟದ್ದು ಅಂತ ಗೊತ್ತಾದರೆ, ಯಾರಿಗೆಲ್ಲ ಅದು ಹೋಗಿದೆ ಎಂದು ಹುಡುಕಲು ದಾರಿಯೇ ಇಲ್ಲ. ಯಾರು ಹುಷಾರಾಗಿ ಮನೆಗೆ ಹೋದರು, ಯಾರ ಕಿಡ್ನಿಗೆ ಪೆಟ್ಟು ಬಿತ್ತು, ಒಂದೂ ಗೊತ್ತಾಗುವುದಿಲ್ಲ. ಸತ್ತವರ ಲೆಕ್ಕ ಮಾತ್ರ ಸಿಗುತ್ತದೆ. ಖಾಲಿ ಬಾಟಲ್ ಅಷ್ಟರಲ್ಲಿ ಕಸದ ಗಾಡಿ ಹತ್ತಿರುತ್ತದೆ.

ಮೇಲಿನಿಂದ ಕೆಳಗೆ ಸುದ್ದಿ ಬಾರದ ಕಥೆ ಇದಾಯಿತು. ಕೆಳಗಿನಿಂದ ಮೇಲೆ ಹೋಗದ ಕಥೆಯೂ ಇದೆ.

ಒಂದು ಸಲ ಟೆಂಡರ್ ಬದಲಾಗಿ ಹೊಸ ಕಂಪನಿಯ ಇಂಜೆಕ್ಷನ್‌ಗಳು ಬಂದವು. ಹೆರಿಗೆಯಾದ ಮೇಲೆ ಗರ್ಭಕೋಶ ಬಿಗಿಯಾಗಲಿ ಎಂದು ಆಕ್ಸಿಟೋಸಿನ್ ಕೊಡುತ್ತೇವೆ. ಅದೇ ಕೆಲಸಕ್ಕೆ ಮಿಥೈಲ್ ಎರ್ಗೋಮೆಟ್ರಿನ್ ಎಂಬುದೂ ಇದೆ, ಆದರೆ ಅದನ್ನು ಬಿಪಿ ಜಾಸ್ತಿ ಇರುವವರಿಗೆ ಕೊಡಬಾರದು. ಬಿಪಿ ಇನ್ನೂ ಏರಿ ಮೆದುಳಿಗೆ ಪೆಟ್ಟಾಗಬಹುದು. ಹೊಸದಾಗಿ ಬಂದ ಈ ಎರಡರ ಆಂಪೂಲೂ ಒಂದೇ ಅಳತೆ, ಲೇಬಲ್ ಒಂದೇ ಬಣ್ಣ, ಅಕ್ಷರ ಇರುವೆಯಷ್ಟು. ಒಬ್ಬ ಗರ್ಭಿಣಿಗೆ ಬಿಪಿ ವಿಪರೀತ ಇತ್ತು. ಹೆರಿಗೆಯಾಯಿತು. ನನ್ನ ಜೊತೆಗಿದ್ದ ಸಿಸ್ಟರ್‌ಗೆ ಯಾವ ಇಂಜೆಕ್ಷನ್ ಆದರೂ ಹೆಸರನ್ನು ಜೋರಾಗಿ ಓದಿಯೇ ಸಿರಿಂಜ್‌ಗೆ ಎಳೆಯುವ ಅಭ್ಯಾಸ. ಓದಿದಳು, ನಿಂತಳು. ಆಕ್ಸಿಟೋಸಿನ್ ಇಡುವ ಟ್ರೇಯಲ್ಲಿ ಇನ್ನೊಂದು ಆಂಪೂಲ್ ಸೇರಿತ್ತು. ಅವಳ ಈ ಅಭ್ಯಾಸವನ್ನು ಕಂಡು ಹೊಸ ಡಾಕ್ಟರ್‌ಗಳು ನಗುತ್ತಿದ್ದರು.

ಆಮೇಲೆ ಏನಾಯಿತು? ಹಿರಿಯರಿಗೆ ಹೇಳಿದೆವು. "ಏನೂ ಆಗಿಲ್ಲ ಅಲ್ವಾ, ಬಿಡಿ ಸಿಸ್ಟರ್" ಅಂದರು. ಬರೆದಿಡಲು ಒಂದು ಪುಸ್ತಕ ಇರಲಿಲ್ಲ, ಕಳಿಸಲು ಒಂದು ವಿಳಾಸ ಇರಲಿಲ್ಲ. ನಾವೇ ಎರಡು ಟ್ರೇಗಳನ್ನು ದೂರ ಇಟ್ಟು, ಪ್ಲಾಸ್ಟರ್ ಮೇಲೆ ಕೆಂಪು ಪೆನ್ನಿನಲ್ಲಿ ಹೆಸರು ಬರೆದು ಅಂಟಿಸಿದೆವು. ನಮ್ಮ ವಾರ್ಡು ಸರಿಯಾಯಿತು. ಆದರೆ ಅದೇ ಟೆಂಡರಿನ ಅದೇ ಆಂಪೂಲ್ ರಾಜ್ಯದ ಎಷ್ಟು ಲೇಬರ್ ರೂಮ್‌ಗಳಿಗೆ ಹೋಗಿತ್ತು? ಅವರಿಗೆ ಹೇಳಿದವರು ಯಾರು?

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ, ಜಗತ್ತಿನಲ್ಲಿ ಚಿಕಿತ್ಸೆ ಪಡೆಯುವ 10 ರೋಗಿಗಳಲ್ಲಿ ಸುಮಾರು ಒಬ್ಬರಿಗೆ ಚಿಕಿತ್ಸೆಯಿಂದಲೇ ಏನಾದರೊಂದು ಹಾನಿ ಆಗುತ್ತದೆ. ಅದರಲ್ಲಿ ಸುಮಾರು ಅರ್ಧದಷ್ಟು ತಪ್ಪಿಸಬಹುದಾದದ್ದು. ಶ್ರೀಮಂತ ದೇಶದಲ್ಲೂ ಇದು ಆಗುತ್ತದೆ. ಅಂದರೆ ಇದು ಕೆಟ್ಟ ಜನರ ಸಮಸ್ಯೆ ಅಲ್ಲ. ದಣಿದ ಜನ, ಒಂದೇ ಥರದ ಆಂಪೂಲ್, ಓದಲಾಗದ ಕೈಬರಹ, ಪಾಳಿ ಬದಲಾಗುವಾಗಿನ ಅರ್ಧಂಬರ್ಧ ಹ್ಯಾಂಡೋವರ್ ಇವು ಒಟ್ಟಿಗೆ ಸೇರಿದಾಗ ಆಗುವಂಥದ್ದು. ಆದರೆ ನಮ್ಮಲ್ಲಿ ಏನಾದರೂ ಆದ ಕೂಡಲೇ ಮೊದಲ ಪ್ರಶ್ನೆ, "ಡ್ಯೂಟಿಯಲ್ಲಿ ಯಾರಿದ್ದರು?" ಸಂಜೆಯೊಳಗೆ ಒಬ್ಬರ ಹೆಸರು ಸಿಗುತ್ತದೆ. ಹೆಚ್ಚಾಗಿ ಅದು ಗುತ್ತಿಗೆಯ ನರ್ಸ್ ಇಲ್ಲವೇ ಹೊಸ ಡ್ಯೂಟಿ ಡಾಕ್ಟರ್. ಅಮಾನತು ಆಗುತ್ತದೆ, ಪ್ರತಿಭಟನೆ ತಣ್ಣಗಾಗುತ್ತದೆ, ಟ್ರೇ ಮಾತ್ರ ಹಾಗೇ ಇರುತ್ತದೆ. ಇದನ್ನು ನೋಡಿದ ಉಳಿದವರು ಒಂದು ಪಾಠ ಕಲಿಯುತ್ತಾರೆ: ಏನಾದರೂ ಆದರೆ ಬಾಯಿ ಬಿಡಬೇಡ, ಕೇಸ್ ಶೀಟ್ ಸರಿಮಾಡು.

ಕುಡಿದು ಡ್ಯೂಟಿಗೆ ಬಂದವರನ್ನು, ಕರೆದರೂ ಬಾರದವರನ್ನು, ಲಂಚಕ್ಕಾಗಿ ಆಪರೇಷನ್ ತಡಮಾಡಿದವರನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ಅವರಿಗೆ ಶಿಕ್ಷೆ ಆಗಲಿ. ಕೆಟ್ಟ ದ್ರಾವಣ ಮಾರಿದವರಿಗೆ ಜೈಲಾಗಲಿ. ಆದರೆ ತಪ್ಪನ್ನು ತಾನಾಗಿ ಬಂದು ಹೇಳಿದವರನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದರೆ ಮುಂದೆ ಯಾರೂ ಹೇಳುವುದಿಲ್ಲ.

ಪಕ್ಕದ ಕೇರಳ ನೋಡಿ. ಅಲ್ಲಿನ ಪ್ರಸೂತಿ ತಜ್ಞರ ಸಂಘ 2004ರಿಂದ ತಾಯಂದಿರ ಸಾವುಗಳನ್ನು ಗೋಪ್ಯವಾಗಿ ಪರಿಶೀಲಿಸುತ್ತಾ ಬಂದಿದೆ. ಸರ್ಕಾರವೂ ಜೊತೆಗಿದೆ. ಸತ್ತವರ ಹೆಸರು, ಡಾಕ್ಟರ ಹೆಸರು, ಆಸ್ಪತ್ರೆಯ ಹೆಸರು ಯಾವುದೂ ಹೊರಗೆ ಬರುವುದಿಲ್ಲ. ಏನಾಯಿತು, ಯಾವ ಹಂತದಲ್ಲಿ ಬೇರೆ ಮಾಡಬಹುದಿತ್ತು ಎಂಬುದಷ್ಟೇ ಚರ್ಚೆ. ರಕ್ತಸ್ರಾವ, ಬಿಪಿ ಇವೇ ದೊಡ್ಡ ಕಾರಣಗಳೆಂದು ಕಂಡಾಗ ಅದಕ್ಕೆ ತಕ್ಕ ತರಬೇತಿ, ನಿಯಮಗಳನ್ನು ಆಸ್ಪತ್ರೆಗಳಿಗೆ ತಂದರು. 2018-20ರ ಕೇಂದ್ರದ ಲೆಕ್ಕದಲ್ಲಿ, ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ಕೇರಳದಲ್ಲಿ 19, ತಮಿಳುನಾಡಿನಲ್ಲಿ 54, ನಮ್ಮಲ್ಲಿ 69. ದಕ್ಷಿಣದ ರಾಜ್ಯಗಳಲ್ಲಿ ನಾವೇ ಕೊನೆ. ಕೇರಳದ ಸಾಧನೆಗೆ ಓದು, ರಸ್ತೆ, ಹಳೆಯ ಆಸ್ಪತ್ರೆಗಳು ಎಲ್ಲ ಕಾರಣ, ಒಪ್ಪುತ್ತೇನೆ. ಆದರೂ ಸಾವಿನಿಂದ ಕಲಿಯುವ ಪದ್ಧತಿಯನ್ನು ಅವರಿಂದ ತರಲು ನಮಗೆ ದುಡ್ಡೇನೂ ಜಾಸ್ತಿ ಬೇಕಿಲ್ಲ.

ಬಳ್ಳಾರಿಯ ನಂತರ ತಮ್ಮ ಇಲಾಖೆ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಂದಿರ ಸಾವುಗಳನ್ನು ಪರಿಶೀಲಿಸಿತು. ಅದರಲ್ಲಿ ಶೇ 70ಕ್ಕೂ ಹೆಚ್ಚು ಸಾವುಗಳನ್ನು ತಪ್ಪಿಸಬಹುದಿತ್ತು ಎಂದು ಸರ್ಕಾರವೇ ಒಪ್ಪಿಕೊಂಡಿತು. ಹೀಗೆ ಒಪ್ಪಿಕೊಳ್ಳುವುದು ಸುಲಭವಲ್ಲ, ಅದಕ್ಕೆ ಮನಸಾರೆ ಕೃತಜ್ಞತೆ. ಆದರೆ ಪತ್ರಿಕೆಯಲ್ಲಿ ಶೇಕಡಾವಾರು ಓದಿದ ನಮ್ಮ ಸಿಸ್ಟರ್‌ಗಳು ಈಗಲೂ ಕೇಳುತ್ತಾರೆ, "ಹಾಗಾದರೆ ನಾವು ನಾಳೆಯಿಂದ ಏನು ಬದಲಿಸಬೇಕು?" ಆ ಪರಿಶೀಲನೆಯಲ್ಲಿ ಕಂಡದ್ದನ್ನು ಹೆಸರುಗಳನ್ನು ತೆಗೆದು, ಸರಳ ಕನ್ನಡದಲ್ಲಿ, ಪ್ರತಿ ಲೇಬರ್ ರೂಮಿಗೆ ಕಳಿಸಿ. ಪ್ರತಿ ತಿಂಗಳು ಎರಡು ಪುಟ ಸಾಕು. ಇಂಥಲ್ಲಿ ಹೀಗಾಯಿತು, ನೀವು ಇದನ್ನು ನೋಡಿಕೊಳ್ಳಿ ಅಂತ.

ರೋಗಿಯ ಮನೆಯವರ ವಿಷಯಕ್ಕೆ ಬರುತ್ತೇನೆ. ಸುದ್ದಿ ಎಲ್ಲಿಗೂ ಹೋಗದಿದ್ದರೂ ಇವರಿಗಾದರೂ ಹೋಗಬೇಕಿತ್ತು. ಅವರಿಗೇ ಎಲ್ಲಕ್ಕಿಂತ ಕೊನೆಗೆ. ವಾರ್ಡಿನ ಬಾಗಿಲಲ್ಲಿ ಗಂಡ, ತಾಯಿ, ಅತ್ತೆ ನಿಂತಿರುತ್ತಾರೆ. ಒಳಗೆ ಓಡಾಟ ಜೋರಾಗುತ್ತದೆ. "ಡಾಕ್ಟರ್ ಬಂದು ಹೇಳ್ತಾರೆ" ಅನ್ನುತ್ತೇವೆ. ಡಾಕ್ಟರ್ ಬಂದು "ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ" ಅನ್ನುತ್ತಾರೆ. ಏನಾಯಿತು ಅಂತ ಯಾರೂ ಹೇಳುವುದಿಲ್ಲ, ಯಾಕೆಂದರೆ ಹೇಳಿದರೆ ಅದೇ ಸಾಕ್ಷಿಯಾಗುತ್ತದೆ ಎಂಬ ಭಯ. ಆಮೇಲೆ ಹೆಣದ ಜೊತೆ ಸಿಟ್ಟೂ ಬರುತ್ತದೆ, ಕಲ್ಲೂ ಬರುತ್ತದೆ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ರಾಜ್ಯದಲ್ಲಿ 2009ರಿಂದಲೇ ಕಾಯ್ದೆ ಇದೆ. ಕಾಯ್ದೆ ಬೇಕು. ಆದರೆ ನಾನು ಕಂಡ ಹಾಗೆ, ಪಕ್ಕದಲ್ಲಿ ಕೂತು ನಿಜ ಹೇಳಿದ ಡಾಕ್ಟರ ಮೇಲೆ ಕೈ ಎತ್ತಿದವರು ಕಡಿಮೆ. ಇಂಗ್ಲೆಂಡಿನಲ್ಲಿ ಚಿಕಿತ್ಸೆಯಿಂದ ರೋಗಿಗೆ ಗಂಭೀರ ಹಾನಿಯಾದರೆ ಆಸ್ಪತ್ರೆಯೇ ಅದನ್ನು ತಿಳಿಸಿ ಕ್ಷಮೆ ಕೇಳಬೇಕೆಂದು 2014ರಲ್ಲಿ ಕಾನೂನು ಮಾಡಿದರು. ನಮ್ಮಲ್ಲಿ ಕಾನೂನು ಬರುವವರೆಗೆ ಒಂದು ಸುತ್ತೋಲೆಯಾದರೂ ಬರಲಿ. ಹಾನಿಯಾದ ಮರುದಿನದೊಳಗೆ ಹಿರಿಯ ವೈದ್ಯರೊಬ್ಬರು ಮನೆಯವರನ್ನು ಕೂರಿಸಿ ಮಾತಾಡಬೇಕು. ಕೇಸ್ ಶೀಟಿನ ಪ್ರತಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮವೇ ಹೇಳುತ್ತದೆ. ಇದನ್ನು ಆಸ್ಪತ್ರೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಿ. ಊರಿನಿಂದ ಬಂದ ತಾಯಿಗೆ ಈ ನಿಯಮ ಯಾರು ಹೇಳುತ್ತಾರೆ?

ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಚಾಮರಾಜನಗರ ಇದೆ. 2021ರ ಮೇ 2ರ ರಾತ್ರಿಯಿಂದ ಮರುದಿನದೊಳಗೆ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ 24 ಜನ ಸತ್ತರು. ಆಕ್ಸಿಜನ್ ಕೊರತೆಯಿಂದ ಸತ್ತವರು 3 ಜನ ಮಾತ್ರ ಎಂದು ಆಗ ಸರ್ಕಾರ ಹೇಳಿತು. ಆ ಮನೆಯವರು ಇನ್ನೂ ಆ ಲೆಕ್ಕವನ್ನು ನಂಬಿಲ್ಲ.

ಕಾಗದದ ಮೇಲೆ ನಮ್ಮಲ್ಲಿ ಕೊರತೆ ಇಲ್ಲ. ಆಸ್ಪತ್ರೆಗಳ ಗುಣಮಟ್ಟಕ್ಕೆ ರಾಷ್ಟ್ರೀಯ ಮಾನದಂಡ ಬಂದಿದೆ, ಲೇಬರ್ ರೂಮ್‌ಗಳಿಗೆ ‘ಲಕ್ಷ್ಯ’ ಎಂಬ ಕಾರ್ಯಕ್ರಮ ಬಂದಿದೆ, ಸ್ವಚ್ಛತೆಗೆ ‘ಕಾಯಕಲ್ಪ’ದ ಬಹುಮಾನ ಇದೆ. ಇವುಗಳಿಂದ ಒಳ್ಳೆಯದೂ ಆಗಿದೆ. ಮೊಣಕೈಯಿಂದ ತಿರುಗಿಸುವ ನಲ್ಲಿ, ಹೆರಿಗೆ ಟೇಬಲ್ ಮಧ್ಯೆ ಪರದೆ ಇವೆಲ್ಲ ಅದರಿಂದಲೇ ಬಂದವು. ಆದರೆ ತಪಾಸಣೆಯ ತಂಡ ಬರುವ ಹಿಂದಿನ ದಿನ ವಾರ್ಡ್ ಹೇಗಿರುತ್ತದೆ ಎಂದು ನಾನು ತಮಗೆ ವಿವರಿಸಬೇಕಿಲ್ಲ. ಆಪರೇಷನ್ ಸುರಕ್ಷತೆಗೆ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಒಂದು ಪಟ್ಟಿ ಕೊಟ್ಟಿತು. ಅರಿವಳಿಕೆಗೆ ಮುಂಚೆ, ಕತ್ತರಿಸುವುದಕ್ಕೆ ಮುಂಚೆ, ಥಿಯೇಟರ್ ಬಿಡುವುದಕ್ಕೆ ಮುಂಚೆ ಎಲ್ಲರೂ ನಿಂತು ಜೋರಾಗಿ ಓದಬೇಕು. ದೆಹಲಿಯೂ ಸೇರಿ 8 ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಬಳಸಿ ನೋಡಿದಾಗ ಸಾವು ಶೇ 1.5ರಿಂದ 0.8ಕ್ಕೆ ಇಳಿಯಿತು. ನಾನು ಕಂಡ ಥಿಯೇಟರಿನಲ್ಲಿ ಆ ಪಟ್ಟಿಗೆ ಸಂಜೆ ಕೂತು ಒಟ್ಟಿಗೆ ಟಿಕ್ ಹಾಕುತ್ತಿದ್ದರು. ಬೆಳಿಗ್ಗೆ ಆದ ಆಪರೇಷನ್‌ಗೆ ಸಂಜೆ ಸುರಕ್ಷತೆ!

ಹಾಗಂತ ಆ ಟಿಕ್ ಹಾಕುವವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಬಿಪಿ ಏರಿ ಫಿಟ್ಸ್ ಬಂದ ಗರ್ಭಿಣಿಗೆ ಮೆಗ್ನೀಷಿಯಂ ಸಲ್ಫೇಟ್ ಕೊಟ್ಟರೆ ಮೂತ್ರದ ಪ್ರಮಾಣ, ಉಸಿರಾಟ, ಮೊಣಕಾಲಿನ ಪ್ರತಿಕ್ರಿಯೆ ಇವನ್ನು ಆಗಾಗ ನೋಡುತ್ತಲೇ ಇರಬೇಕು. ಔಷಧ ಹೆಚ್ಚಾದರೆ ಉಸಿರೇ ನಿಲ್ಲಬಹುದು. ಅದೇ ಹೊತ್ತಿಗೆ ಪಕ್ಕದಲ್ಲಿ ಎರಡು ಹೆರಿಗೆ, ಆಚೆ ಸಿಸೇರಿಯನ್ ಆದವರ ಸಾಲು, ಜೊತೆಗೆ ಇಲಾಖೆಯ ಪೋರ್ಟಲ್‌ಗೆ ಎಂಟ್ರಿ. ಭಾರತೀಯ ನರ್ಸಿಂಗ್ ಮಂಡಳಿಯ ಪ್ರಕಾರ ಸಾಮಾನ್ಯ ವಾರ್ಡಿನಲ್ಲಿ 5 ರೋಗಿಗೆ ಒಬ್ಬ ನರ್ಸ್, ಬೋಧನಾ ಆಸ್ಪತ್ರೆಯಲ್ಲಿ 3 ರೋಗಿಗೆ ಒಬ್ಬರು ಇರಬೇಕು. ರಾತ್ರಿ ಹನ್ನೊಂದರ ಮೇಲೆ, ಮುಂಚೆ ತಿಳಿಸದೆ, ಯಾವುದಾದರೂ ಜಿಲ್ಲಾಸ್ಪತ್ರೆಗೆ ಹೋಗಿ ತಾವೇ ಎಣಿಸಿ ನೋಡಿ. ಖಾಲಿ ಹುದ್ದೆ ತುಂಬುವುದು ಹಣಕಾಸು ಇಲಾಖೆಯ ಮಾತು ಅಂತ ಗೊತ್ತು. ಆದರೆ ಲೇಬರ್ ರೂಮ್ ಮತ್ತು ಆಪರೇಷನ್ ನಂತರದ ವಾರ್ಡಿನ ರಾತ್ರಿ ಪಾಳಿಯನ್ನಾದರೂ ಮೊದಲು ತುಂಬಬಹುದಲ್ಲವೇ?

ಬ್ಯಾಚ್ ವಿಷಯಕ್ಕೆ ಮಾತ್ರ ಯಾವ ಹಣಕಾಸು ಇಲಾಖೆಯ ಒಪ್ಪಿಗೆಯೂ ಬೇಡ. ಡ್ರಿಪ್ ಮತ್ತು ಇಂಜೆಕ್ಷನ್‌ಗಳ ಬ್ಯಾಚ್ ನಂಬರನ್ನು ಕೇಸ್ ಶೀಟಿನಲ್ಲಿ ಬರೆಯಲು ಒಂದು ಕಾಲಂ ಕೊಡಿ. ಬಾಟಲಿನ ಮೇಲಿನ ನಂಬರಿನ ಫೋಟೋ ತೆಗೆದರೂ ಸಾಕು. ತಡೆ ಆದೇಶ ಬಂದರೆ ಅದೇ ಪಾಳಿಯಲ್ಲಿ ವಾರ್ಡ್, ಥಿಯೇಟರ್, ಟ್ರಾಲಿ, ಆಂಬುಲೆನ್ಸ್ ಎಲ್ಲವನ್ನೂ ತೆರೆದು ನೋಡಿ, ಇಷ್ಟು ಬಾಟಲ್ ಸಿಕ್ಕವು, ವಾಪಸ್ ಕೊಟ್ಟೆವು ಎಂದು ವಾರ್ಡಿನ ಉಸ್ತುವಾರಿ ಸಿಸ್ಟರ್ ಸಹಿ ಮಾಡಬೇಕು. ಫಾರ್ಮಸಿಸ್ಟ್ ಸಹಿ ಒಂದೇ ಸಾಲದು. ಎರಡು ಲ್ಯಾಬ್‌ಗಳ ವರದಿ ಬೇರೆ ಬೇರೆ ಬಂದರೆ, ಜಗಳ ಮುಗಿಯುವವರೆಗೆ ಆ ಬಾಟಲ್ ಉಗ್ರಾಣದಲ್ಲೇ ಇರಲಿ. ವೈದ್ಯಕೀಯ ಸರಬರಾಜು ನಿಗಮಕ್ಕೆ ಈ ಒಂದು ಸಾಲಿನ ಆದೇಶ ಕೊಡಲು ತಮಗೆ ಅಧಿಕಾರ ಇದೆ.

ಔಷಧದಿಂದ ತೊಂದರೆಯಾದರೆ ತಿಳಿಸಲು ಕೇಂದ್ರದ ಉಚಿತ ಸಹಾಯವಾಣಿ ಇದೆ, 1800-180-3024. ರೋಗಿಗಳೂ ಕರೆ ಮಾಡಬಹುದು. ನನ್ನ ಜೊತೆ ಕೆಲಸ ಮಾಡಿದವರಲ್ಲಿ ಈ ನಂಬರ್ ಗೊತ್ತಿದ್ದವರು ತೀರಾ ಕಡಿಮೆ. ಇದರ ಜೊತೆಗೆ ರಾಜ್ಯದ್ದೇ ಒಂದು ವ್ಯವಸ್ಥೆ ಬೇಕು. ಸ್ವಲ್ಪದರಲ್ಲಿ ತಪ್ಪಿದ ಅನಾಹುತಗಳನ್ನು ಹೆಸರು ಹೇಳದೆ, ಕನ್ನಡದಲ್ಲಿ, ಮೊಬೈಲಿನಿಂದಲೇ ತಿಳಿಸುವಂತಿರಬೇಕು. ಅಲ್ಲಿ ಹೇಳಿದ್ದನ್ನು ಶಿಸ್ತುಕ್ರಮಕ್ಕೆ ಬಳಸುವುದಿಲ್ಲ ಎಂದು ಲಿಖಿತ ಭರವಸೆ ಇರಬೇಕು. ಖಾಸಗಿ ಆಸ್ಪತ್ರೆಗಳನ್ನೂ ಸೇರಿಸಿ. ಅಲ್ಲಿ ಇನ್ನೂ ಹೆಚ್ಚು ಮುಚ್ಚಿಡುತ್ತಾರೆ.

ಸೆಪ್ಟೆಂಬರ್ 17 ವಿಶ್ವ ರೋಗಿ ಸುರಕ್ಷತಾ ದಿನ. ಪ್ರತಿ ವರ್ಷ ಆಸ್ಪತ್ರೆಯ ಮುಂದೆ ಬ್ಯಾನರ್ ಕಟ್ಟಿ, ಪ್ರತಿಜ್ಞೆ ಓದಿ, ಫೋಟೋ ಕಳಿಸಿದ್ದೇವೆ. ಮುಂದಿನ ಸೆಪ್ಟೆಂಬರ್ 17ಕ್ಕೆ ಬ್ಯಾನರ್ ಬೇಡ. ಆ ದಿನ ತಾವು 464 ಸಾವುಗಳ ಪರಿಶೀಲನೆಯ ಪೂರ್ತಿ ವರದಿಯನ್ನು ಕನ್ನಡದಲ್ಲಿ ಬಿಡುಗಡೆ ಮಾಡಿ, ಬ್ಯಾಚ್ ನಂಬರಿನ ಸುತ್ತೋಲೆಗೆ ಸಹಿ ಹಾಕಿ. ಈ ಪತ್ರಕ್ಕೆ ಉತ್ತರ ಕೊಡುವುದಾದರೆ ನನಗೆ ಬೇಡ, ಎಲ್ಲ ಲೇಬರ್ ರೂಮ್‌ಗಳ ನೋಟಿಸ್ ಬೋರ್ಡಿಗೆ ಕಳಿಸಿ.

ಗೌರವಗಳೊಂದಿಗೆ,
ಒಬ್ಬ ನಿವೃತ್ತ ಶುಶ್ರೂಷಾಧಿಕಾರಿ